ಲೆಕ್ಕಕ್ಕೆ ಸಿಗದ ಸೇವೆ

ತೆಂಗಿನ ಸೀಮೆಯ ದಬ್ಬೇಘಟ್ಟವಿರುವ ತುಮಕೂರು ಜಿಲ್ಲೆಯಲ್ಲೇ ಇದೆ ಗುಬ್ಬಿ. 1837ರಲ್ಲಿ ವೆಸ್ಲಿಯನ್ ಪಾದ್ರಿ ಥಾಮಸ್ ಹಾಡ್ಸನ್ ಅಲ್ಲಿ ಮಿಷನ್ ಆರಂಭಿಸಿದರು. ಮೊದಲ ವರ್ಷಗಳಲ್ಲಿ ಮತಾಂತರಗೊಂಡವರು ಬೆರಳೆಣಿಕೆಯಷ್ಟು. ಆದರೆ ಮಿಷನ್ನಿನ ಪ್ರಭಾವವನ್ನು ಆ ಲೆಕ್ಕದಿಂದ ಅಳೆಯಲಾಗದು. ವೆಸ್ಲಿಯನ್ನರು ಮೈಸೂರು ಸಂಸ್ಥಾನದಲ್ಲಿ ಶಾಲೆ, ಮುದ್ರಣಾಲಯಗಳನ್ನು ತೆರೆದರು; 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಸ್ಥಾಪಿಸಿದರು. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರ 1894ರ ನಿಘಂಟು ಎಲ್ಲ ಮತದ ಕನ್ನಡಿಗರ ಸೊತ್ತಾಯಿತು.

ಇಂದು ಶಾಲೆ, ಆಸ್ಪತ್ರೆಗಳನ್ನು ಸರ್ಕಾರವೂ ಖಾಸಗಿಯವರೂ ನಡೆಸುತ್ತಾರೆ. ಹಾಗಾದರೆ ಚರ್ಚಿಗೆ ಉಳಿದ ಕೆಲಸವೇನು? ಉತ್ತರ ಇದೇ ಜಿಲ್ಲೆಯ ಸಿದ್ಧಗಂಗೆಯಲ್ಲಿದೆ. ಅಲ್ಲಿ ಜಾತಿ, ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಲಾಗುತ್ತದೆ. ಪ್ರಾರ್ಥನೆಗೆ ಬಾರದವನೂ ಕಷ್ಟದಲ್ಲಿ ಬಾಗಿಲು ತಟ್ಟಬಹುದೆಂಬ ನಂಬಿಕೆ ಉಳಿದಿರುವವರೆಗೆ, ಮಠವಾಗಲಿ ಚರ್ಚಾಗಲಿ ಕಾಲಕ್ಕೆ ಹೊರತಾಗುವುದಿಲ್ಲ.