ಅಸಮರ್ಥ ಮೇಷ್ಟರು

ತರಗತಿಯಲ್ಲಿ ಪ್ರಶ್ನೆಗೆ ಉತ್ತರಿಸದೆ ನಿಂತ ಮಗುವನ್ನು ನಾನೂ ‘ದಡ್ಡ’ ಎಂದದ್ದುಂಟು. ಹರ್ಮನ್ ಬೈಲನ್ ಕಥೆ ಓದಿದ ಮೇಲೆ ಆ ಮಾತು ಚುಚ್ಚುತ್ತದೆ.

ಬೈಲನ್ ಅಮೆರಿಕದ ಫಿಲಡೆಲ್ಫಿಯಾದ ಸರ್ಕಾರಿ ಶಾಲೆಗಳಲ್ಲಿ ಸುಮಾರು 22 ವರ್ಷ ಪಾಠ ಹೇಳಿದ ಮೇಷ್ಟರು. ಕಮ್ಯುನಿಸ್ಟರೆಂದರೆ ಆ ದೇಶವೇ ಬೆಚ್ಚುತ್ತಿದ್ದ ಕಾಲವದು. 1952ರಲ್ಲಿ ಮೇಲಧಿಕಾರಿ ಕರೆಸಿ, 1944ರಲ್ಲಿ ಕಮ್ಯುನಿಸ್ಟ್ ಸಂಘದಲ್ಲಿ ಹುದ್ದೆಯಲ್ಲಿದ್ದಿರಾ ಎಂದು ಕೇಳಿದರು. ಬೈಲನ್ ಉತ್ತರಿಸಲೊಪ್ಪಲಿಲ್ಲ. 1954ರಲ್ಲಿ ಕೆಲಸದಿಂದ ತೆಗೆದರು. ಕೊಟ್ಟ ಕಾರಣ ‘ಅಸಮರ್ಥತೆ’! ಪಾಠ ಹೇಳುವುದರಲ್ಲಿ ಕಂಡ ಕೊರತೆಯಲ್ಲ, ಉತ್ತರ ಕೊಡದಿದ್ದುದೇ ಅದಕ್ಕೆ ಆಧಾರ. 1958ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅದನ್ನೇ ಎತ್ತಿಹಿಡಿದರು, ನಾಲ್ವರು ಒಪ್ಪಲಿಲ್ಲ.

ಬಾರದೆ ಸುಮ್ಮನಿರುವುದು ಬೇರೆ, ಹೇಳಲೊಲ್ಲದೆ ಸುಮ್ಮನಿರುವುದು ಬೇರೆ. ಮಕ್ಕಳ ಮುಂದೆ ನಿಲ್ಲುವ ನಮಗಾದರೂ ಇದು ತಿಳಿದಿರಬೇಡವೇ?