ಮುರಿಯದ ಬೆಳಕು: ಹೆಂಜೇರಿನ ಕಂಬವೂ ಗಣಕಯಂತ್ರದ ಮೇಲ್ಮೈಯೂ

ಮಡಕಶಿರಾ ಸೀಮೆಯ ಹೇಮಾವತಿ ಈಗ ಒಂದು ಸಣ್ಣ ಊರು. ಶಾಸನಗಳಲ್ಲಿ ಇದರ ಹೆಸರು ಹೆಂಜೇರು. ಒಂಬತ್ತು ಹತ್ತನೆಯ ಶತಮಾನಗಳಲ್ಲಿ ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬರಿಗೆ ಇದು ರಾಜಧಾನಿಯಾಗಿದ್ದಿತು. ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದ ಈ ಸೀಮೆಯು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿಯ ದೊಡ್ಡೇಶ್ವರ ದೇವಾಲಯದ ಕರಿಗಲ್ಲಿನ ಕಂಬಗಳನ್ನು ನೋಡಬಂದವರು ಕೆತ್ತನೆಯನ್ನು ಹೊಗಳಿ ಹೋಗುತ್ತಾರೆ. ಅದು ಸಹಜವೇ. ಆದರೆ ಕೆತ್ತನೆಯಿಲ್ಲದೆ ಬರಿಯ ನುಣುಪಾಗಿ ಬಿಟ್ಟ ಮೈಯನ್ನು ಕುರಿತು ಎರಡು ಮಾತು ಹೇಳುವುದು ಈ ಲೇಖನದ ಉದ್ದೇಶ.

ಈ ವಿಚಾರವನ್ನು ನನಗೆ ಹೊಳೆಯಿಸಿದವಳು ಐದನೆಯ ತರಗತಿಯ ಒಬ್ಬ ಹುಡುಗಿ. ಮಕ್ಕಳನ್ನು ಹೇಮಾವತಿಗೆ ಕರೆದೊಯ್ದಿದ್ದಾಗ ನಾನು ನೊಳಂಬರ ವಂಶಾವಳಿಯನ್ನು ಹೇಳುತ್ತಿದ್ದೆ. ಅವಳು ಕೇಳುತ್ತಿರಲಿಲ್ಲ, ಕಂಬದ ಮುಂದೆ ತಲೆಯನ್ನು ಅತ್ತಿತ್ತ ವಾಲಿಸುತ್ತ ನಿಂತಿದ್ದಳು. ಗದರಿಸಲು ಹೋದರೆ, “ಸಾರ್, ಬಾಗಿಲ ಬೆಳಕು ಇಲ್ಲಿ ಮುರಿದೈತೆ, ಅಲ್ಲಿ ಮುರಿದಿಲ್ಲ” ಎಂದಳು. ನೋಡಿದೆ, ನಿಜ. ಬಾಗಿಲಿನಿಂದ ಬಿದ್ದ ಬೆಳಕು ಕಂಬದ ಮೈಮೇಲೆ ಒಂದು ನೀಳ ಗೆರೆಯಾಗಿ ಪ್ರತಿಬಿಂಬಿಸಿತ್ತು. ಅಂಚುಳ್ಳ ಬಳೆಯ ಬಳಿ ಆ ಗೆರೆ ಕಡಿದುಹೋಗಿ ಬೇರೆಡೆ ಮುಂದುವರಿದಿತ್ತು. ಇನ್ನೊಂದೆಡೆ ಕಡಿಯದಿದ್ದರೂ ಮೊಣಕೈಯಂತೆ ಥಟ್ಟನೆ ತಿರುಗಿತ್ತು. ಮತ್ತೊಂದು ಕಡೆ ನೀರಿನಂತೆ ಹರಿದಿತ್ತು.

ಇಂದು ಮೋಟಾರು ಕಾರಿನ ಮೈಯನ್ನು ಗಣಕಯಂತ್ರದಲ್ಲಿ ರೂಪಿಸುವವರು ಪರೀಕ್ಷಿಸುವುದು ಈ ಮೂರು ಭೇದಗಳನ್ನೇ. ಎರಡು ಮೇಲ್ಮೈಗಳು ಬರಿದೆ ತಾಗಿಕೊಂಡಿದ್ದರೆ ನಡುವೆ ಅಂಚು ಉಳಿಯುತ್ತದೆ. ತಾಗುವಲ್ಲಿ ಎರಡರ ದಿಕ್ಕೂ ಒಂದೇ ಆಗಿದ್ದರೆ ಅಂಚು ಮಾಯವಾಗುತ್ತದೆ, ಬೆರಳಿಗೆ ಏನೂ ತಗಲದು. ಆದರೂ ಕಣ್ಣಿಗೆ ಏನೋ ಕೊರತೆ ತೋರುತ್ತದೆ. ದಿಕ್ಕಿನೊಡನೆ ಬಾಗುವ ಪ್ರಮಾಣವೂ, ಎಂದರೆ ವಕ್ರತೆಯೂ, ಹೊಂದಿದರೆ ಮಾತ್ರ ಬೆಳಕು ಅಳುಕದೆ ಹರಿಯುತ್ತದೆ. ಬಳ್ಳಾರಿಗೆ ಹೋಗುವ ರಾಯದುರ್ಗದವರಿಗೆ ಇದನ್ನು ರೈಲಿನಿಂದಲೇ ತಿಳಿಸಬಹುದು. ನೇರವಾದ ಹಳಿಗೆ ವೃತ್ತದ ತುಂಡೊಂದನ್ನು ಮೂಲೆಯಿಲ್ಲದಂತೆ ಜೋಡಿಸಿದರೂ, ಗಾಡಿ ಅಲ್ಲಿಗೆ ಬಂದೊಡನೆ ಕುಳಿತವರು ಪಕ್ಕಕ್ಕೆ ಎಸೆಯಲ್ಪಡುತ್ತಾರೆ. ಆದಕಾರಣ ಇಂಜಿನಿಯರುಗಳು ನಡುವೆ ಸ್ವಲ್ಪ ಸ್ವಲ್ಪವಾಗಿ ಬಾಗುತ್ತ ಹೋಗುವ ಇನ್ನೊಂದು ರೇಖೆಯನ್ನು ಇಡುತ್ತಾರೆ. ಮೈಗೆ ತಿಳಿಯುವ ಆ ಎಳೆತವೇ ಕಣ್ಣಿಗೆ ತಿಳಿಯುವ ಬೆಳಕಿನ ಮೊಣಕೈ. ರಾಯದುರ್ಗದ ಉಡುಪಿನ ಹೊಲಿಗೆಮನೆಗಳಲ್ಲಿಯೂ ಕತ್ತರಿ ಹಿಡಿದವರು ಇದನ್ನು ಬಲ್ಲರು: ಅಂಗಿಯ ಮುಂಭಾಗವನ್ನೂ ಹಿಂಭಾಗವನ್ನೂ ಭುಜದಲ್ಲಿ ಕೂಡಿಸಿದಾಗ ತೋಳಿನ ಸುತ್ತುಗೆರೆ ಅಲ್ಲಿ ಮೂಲೆಗೊಳ್ಳಬಾರದು.

ಕಂಬದ ದುಂಡು ಭಾಗವನ್ನು ಲೆಕ್ಕಕ್ಕೆ ತರುವುದು ಹೋಲಿಕೆಯಲ್ಲಿ ಸುಲಭ. ಒಂದು ಗೆರೆಯನ್ನು ನಡುವಿನ ಅಚ್ಚಿನ ಸುತ್ತ ತಿರುಗಿಸಿದರೆ ಇಡೀ ಮೈ ಸಿದ್ಧವಾಗುತ್ತದೆ. ಕುಂಬಾರನ ತಿಗರಿಯ ಮೇಲೆ ಮಡಕೆ ಏಳುವುದೂ ಹೀಗೆಯೇ. ಆದರೆ ಲೇಪಾಕ್ಷಿಯ ಬಸವಣ್ಣನಿಗೆ ಅಚ್ಚೆಲ್ಲಿ? ಕುತ್ತಿಗೆಯಿಂದ ಹಿಣಿಲಿಗೆ, ಹಿಣಿಲಿನಿಂದ ಬೆನ್ನಿಗೆ, ಬೆನ್ನಿನಿಂದ ಪಕ್ಕೆಗೆ ಕಲ್ಲು ಇಳಿದುಬರುವ ಬಗೆಗೆ ಯಾವ ಒಂದು ಗೆರೆಯೂ ಸಾಲದು. ಶಿಲ್ಪಿಯು ಅದನ್ನು ಕಣ್ಣಿನಿಂದಲೂ ಅಂಗೈಯಿಂದಲೂ ಸಾಧಿಸಿದನು. ಅದನ್ನು ಸಂಖ್ಯೆಗೆ ತರುವುದಕ್ಕೆ ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಹಡಗು ಕಟ್ಟುವವರು ಒಂದು ಉಪಾಯವನ್ನು ಮೊದಲಿನಿಂದ ಬಲ್ಲವರಾಗಿದ್ದರು. ತೆಳುವಾದ ಮರದ ಪಟ್ಟಿಯನ್ನು ಸೀಸದ ತೂಕಗಳಿಂದ ಅಲ್ಲಲ್ಲಿ ಒತ್ತಿ ಹಿಡಿದರೆ, ಉಳಿದೆಡೆ ಅದು ತನಗೆ ಅತಿ ಕಡಿಮೆ ಶ್ರಮವಾಗುವಂತೆ ತಾನೇ ಬಾಗಿಕೊಳ್ಳುತ್ತದೆ. ಆ ಬಾಗಿನ ಗುಟ್ಟನ್ನು ಗಣಿತಕ್ಕೆ ತಂದು, ಪಟ್ಟಿಗಿದ್ದ ‘ಸ್ಪ್ಲೈನ್’ ಎಂಬ ಹೆಸರನ್ನೇ ಸೂತ್ರಕ್ಕೆ ಇಟ್ಟವನು ಶೋನ್‌ಬರ್ಗ್, 1946ರಲ್ಲಿ. ಕಾರು ಕಟ್ಟುವವರ ತೊಂದರೆ ಇನ್ನೂ ದೊಡ್ಡದು. ಚಿತ್ರಕಾರನ ಗೆರೆಯಿಂದ ಜೇಡಿಯ ಮಾದರಿ, ಜೇಡಿಯಿಂದ ಮರದ ಮಾದರಿ, ಅದರಿಂದ ಉಕ್ಕಿನ ಅಚ್ಚು. ಒಂದೊಂದು ನಕಲಿನಲ್ಲಿಯೂ ರೂಪವು ಕೂದಲೆಳೆಯಷ್ಟು ಜಾರುತ್ತಿತ್ತು. ಮೈಗೆ ಹೊಳೆಯುವ ಬಣ್ಣ ಬಳಿದಾಗ ಆ ಜಾರೆಲ್ಲ ಬಯಲಾಗುತ್ತಿತ್ತು.

ಫ್ರಾನ್ಸಿನ ಸಿಟ್ರೊಯೆನ್ ಕಾರ್ಖಾನೆಯಲ್ಲಿ ಪಾಲ್ ದ ಕಾಸ್ತೆಲ್ಜೊ ಎಂಬ ತರುಣ ಗಣಿತಜ್ಞನು 1959ರಲ್ಲಿ ಇದಕ್ಕೊಂದು ದಾರಿ ಕಂಡನು. ಅದರ ಸರಳತೆ ಆಶ್ಚರ್ಯಕರವಾದುದು. ಉಪಾಧ್ಯಾಯ ಮಿತ್ರರು ಕರಿಹಲಗೆಯ ಮೇಲೆಯೇ ಮಾಡಿ ನೋಡಬಹುದು. ಅ, ಆ, ಇ ಎಂದು ಮೂರು ಬಿಂದುಗಳನ್ನು ಇಡಿ. ಅ-ಆ ಗೆರೆಯ ನಡುಬಿಂದುವನ್ನೂ ಆ-ಇ ಗೆರೆಯ ನಡುಬಿಂದುವನ್ನೂ ಕೂಡಿಸಿ. ಆ ಕೂಡುಗೆರೆಯ ನಡುಬಿಂದುವು ನಮಗೆ ಬೇಕಾದ ವಕ್ರರೇಖೆಯ ಮೇಲಿರುತ್ತದೆ. ಅರ್ಧದ ಬದಲು ಮೂರು ಗೆರೆಗಳಲ್ಲಿಯೂ ಕಾಲುಭಾಗ, ಮುಕ್ಕಾಲುಭಾಗ ಎಂದು ಒಂದೇ ಪ್ರಮಾಣವನ್ನು ಹಿಡಿದರೆ ಮಿಕ್ಕ ಬಿಂದುಗಳು ದೊರೆಯುತ್ತವೆ. ರೇಖೆ ಅ ದಲ್ಲಿ ಹುಟ್ಟಿ ಇ ಯಲ್ಲಿ ಮುಗಿಯುತ್ತದೆ. ಆ ಬಿಂದುವನ್ನು ಮುಟ್ಟುವುದಿಲ್ಲ, ಆದರೆ ಅದರ ಕಡೆಗೆ ಸೆಳೆಯಲ್ಪಡುತ್ತದೆ. ಇ ಯಿಂದ ಈ, ಉ ಎಂಬ ಬಿಂದುಗಳನ್ನಿಟ್ಟು ಎರಡನೆಯ ರೇಖೆಯನ್ನು ಹೊರಡಿಸಿದರೆ, ಆ, ಇ, ಈ ಮೂರೂ ಒಂದೇ ನೇರದಲ್ಲಿದ್ದು ಇ ನಡುವೆ ಇದ್ದಾಗ ಸಂಧಿಯಲ್ಲಿ ಮೂಲೆ ಇರದು. ವಕ್ರತೆಯೂ ಹೊಂದಬೇಕಾದರೆ ಉ ಎಲ್ಲಿರಬೇಕೆಂಬುದಕ್ಕೂ ಕಟ್ಟುಂಟು. ಬಿಂದುಗಳನ್ನು ಸಾಲಿಗೆ ಬದಲಾಗಿ ಬಲೆಯಂತೆ ಹರಡಿದರೆ ರೇಖೆಯೇ ಮೇಲ್ಮೈಯಾಗುತ್ತದೆ. ಬಸವಣ್ಣನ ಹಿಣಿಲೂ ಲೆಕ್ಕಕ್ಕೆ ಸಿಕ್ಕುತ್ತದೆ.

ಆದರೆ ಕಾರ್ಖಾನೆಯು ಈ ವಿಧಾನವನ್ನು ಗುಟ್ಟಾಗಿರಿಸಿತು. ಇತ್ತ ರೆನೊ ಕಾರ್ಖಾನೆಯ ಪಿಯರ್ ಬೆಝಿಯೆ ತಾನೂ ಸ್ವತಂತ್ರವಾಗಿ ಅದೇ ರೇಖೆಗಳನ್ನು ತಲುಪಿ, 1960ರ ದಶಕದಲ್ಲಿ ಪ್ರಕಟಿಸಿದನು. ಹೀಗಾಗಿ ಜಗತ್ತೆಲ್ಲ ಅವುಗಳನ್ನು ಬೆಝಿಯೆ ರೇಖೆಗಳೆಂದೇ ಕರೆಯುತ್ತದೆ. ಬೆಝಿಯೆಯದು ತಪ್ಪೇನೂ ಇಲ್ಲ, ಅವನು ಕದ್ದವನಲ್ಲ. 2022ರಲ್ಲಿ ತೀರಿಕೊಂಡ ಕಾಸ್ತೆಲ್ಜೊ ತನ್ನ ಹೆಸರು ಆ ನಡುಬಿಂದುಗಳ ವಿಧಾನಕ್ಕೆ ಅಂಟಿಕೊಂಡದ್ದನ್ನು ಕಂಡನು ಎಂಬುದಷ್ಟೇ ಸಮಾಧಾನ.

ಹೆಂಜೇರಿನ ಶಿಲ್ಪಿಗಳಿಗೆ ಅಷ್ಟೂ ದೊರೆಯಲಿಲ್ಲ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಂಗರ ಮಾರಸಿಂಹನು ನೊಳಂಬಕುಲಾಂತಕನೆಂಬ ಬಿರುದನ್ನು ಧರಿಸಿದನು. ಬಳಿಕ ಚೋಳರು ಬಂದರು. ತಂಜಾವೂರಿನ ಸಮೀಪದ ತಿರುವೈಯ್ಯಾರಿನ ದೇವಾಲಯದಲ್ಲಿ ನೊಳಂಬರ ಕಂಬಗಳು ನಿಂತಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅಷ್ಟು ಭಾರವನ್ನು ಅಷ್ಟು ದೂರ ಹೊರಿಸಿದವರಿಗೆ ಅದರ ನುಣುಪಿನ ಬೆಲೆ ಗೊತ್ತಿದ್ದಿರಬೇಕು. ಇನ್ನು ಕೆಲವು ಶಿಲ್ಪಗಳು ಚೆನ್ನೈ ವಸ್ತುಸಂಗ್ರಹಾಲಯದಲ್ಲಿವೆ. ನಮ್ಮ ಮಕ್ಕಳು ಗಣಕಯಂತ್ರವನ್ನು ಪರರ ವಿದ್ಯೆಯೆಂದು ಹಿಂಜರಿಯುವುದನ್ನು ಕಂಡಾಗಲೆಲ್ಲ ನನಗೆ ಈ ಕಂಬಗಳ ನೆನಪಾಗುತ್ತದೆ.

ಈಗ ರೂಪಕಾರರ ತಂತ್ರಾಂಶದಲ್ಲಿ ಮೇಲ್ಮೈ ಸಿದ್ಧವಾದೊಡನೆ ಅದರ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳನ್ನು ಪ್ರತಿಬಿಂಬದಂತೆ ಹಾಯಿಸಿ ನೋಡುತ್ತಾರೆ. ಪಟ್ಟೆ ಕಡಿದರೆ ಅಂಚು. ಮೊಣಕೈಯಾದರೆ ವಕ್ರತೆಯ ಕೊರತೆ. ಹರಿದರೆ ಕೆಲಸ ಮುಗಿಯಿತು. ಮುರಿದದ್ದೆಲ್ಲ ದೋಷವೆಂದು ಮಾತ್ರ ತಿಳಿಯಬಾರದು. ಕಂಬದ ಬಳೆಯಲ್ಲಿ ಶಿಲ್ಪಿ ಬೇಕೆಂದೇ ಬೆಳಕನ್ನು ಮುರಿದಿದ್ದಾನೆ.

ಹೇಮಾವತಿಯಿಂದ ಬಂದ ಮರುದಿನ ಮಕ್ಕಳಿಗೆ ಬಿಂದುಗಳ ಆಟವನ್ನು ಹೇಳಿಕೊಟ್ಟೆ. ಆ ಹುಡುಗಿಯ ಎರಡು ರೇಖೆಗಳು ಇ ಯಲ್ಲಿ ಮೂಲೆಯಾದುವು. ಅವಳು ಸ್ವಲ್ಪ ಹೊತ್ತು ನೋಡಿ, ಈ ಬಿಂದುವನ್ನು ಅಂಗೈಯಿಂದ ಒರಸಿ, ಹಗ್ಗ ಹಿಡಿದು ನೇರಕ್ಕೆ ತಂದು, ಮತ್ತೆ ಗುರುತಿಸಿದಳು.