ಕಿಂಡರ್ ಬೆಟ್ಟದ ಕಾಲುದಾರಿ

ಇಂಗ್ಲೆಂಡಿನ ಬೆನ್ನೆಲುಬೆಂದು ಹೆಸರಾದ ಪೆನ್ನೈನ್ ಬೆಟ್ಟಸಾಲಿನ ಮೇಲೆ 268 ಮೈಲಿಗಳ ಒಂದು ಕಾಲುದಾರಿಯಿದೆ. ಡಾರ್ಬಿಷೈರಿನ ಈಡೇಲ್ ಎಂಬ ಹಳ್ಳಿಯಲ್ಲಿ ಹೊರಟು, ಸ್ಕಾಟ್ಲೆಂಡಿನ ಗಡಿಯಾಚೆಯ ಕರ್ಕ್ ಯೆಟಮ್ ಸೇರುವ ಈ ‘ಪೆನ್ನೈನ್ ವೇ’ಯಲ್ಲಿ ಮೊದಲ ದಿನದ ಹದಿನಾರು ಮೈಲಿಗಳನ್ನು ನಾನು ನಡೆದಿದ್ದೇನೆ. ಪ್ರಕೃತಿಯ ಸೊಬಗನ್ನು ಬಣ್ಣಿಸುವುದು ಇಲ್ಲಿ ನನ್ನ ಉದ್ದೇಶವಲ್ಲ. ಆ ನೆಲ ಸಾಮಾನ್ಯರ ಕಾಲಿಗೆ ದಕ್ಕಿದ ಬಗೆಯನ್ನು ಹೇಳಬೇಕೆಂದಿದ್ದೇನೆ.

ಈಡೇಲಿನಿಂದ ಹೊಲಗಳ ನಡುವೆ ಸಾಗಿದ ದಾರಿ ‘ಜೇಕಬನ ಏಣಿ’ ಎಂಬ ಕಡಿದಾದ ಏರನ್ನು ಹತ್ತುತ್ತದೆ. ಇವನು ಬೈಬಲ್ಲಿನ ಜೇಕಬನಲ್ಲ. ಹೇರುಕುದುರೆಗಳು ಸುತ್ತಿ ಬರುವಷ್ಟರಲ್ಲಿ ತಾನು ನೇರವಾಗಿ ಹತ್ತಿಬಿಡಲೆಂದು 18ನೇ ಶತಮಾನದ ರೈತ ಜೇಕಬ್ ಮಾರ್ಷಲ್ ಕಡಿದ ಮೆಟ್ಟಿಲುಗಳಿವು ಎನ್ನುತ್ತಾರೆ. ಮೇಲೆ, ಎರಡು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ, ಕಿಂಡರ್ ಸ್ಕೌಟ್ ಎಂಬ ವಿಶಾಲವಾದ ಬೋಳು ನೆತ್ತಿ. ಕಾಲಿಟ್ಟರೆ ಹೂತುಕೊಳ್ಳುವ ಕಪ್ಪು ಜವುಗು ನೆಲ.

ಈ ನೆತ್ತಿಯ ಒಂದು ಅಂಚಿಗೆ ಮ್ಯಾಂಚೆಸ್ಟರ್, ಇನ್ನೊಂದು ಅಂಚಿಗೆ ಶೆಫೀಲ್ಡ್. ಹೊಗೆಯಲ್ಲಿ ವಾರವಿಡೀ ದುಡಿದವರಿಗೆ ಭಾನುವಾರದ ಗಾಳಿ ಇಲ್ಲಿ ಸಿಗಬಹುದಿತ್ತು. ಆದರೆ 19ನೇ ಶತಮಾನದಲ್ಲಿ ಬೇಲಿಯೊಳಗಾದ ಬೆಟ್ಟವನ್ನು ಒಡೆಯರು ಗ್ರೌಸ್ ಹಕ್ಕಿಯ ಬೇಟೆಗೆಂದು ಕಾದಿರಿಸಿದ್ದರು. ಬೇಟೆ ವರ್ಷದಲ್ಲಿ ಕೆಲವೇ ದಿನ. ಕಾವಲು ಮಾತ್ರ ವರ್ಷವಿಡೀ!

1932ರ ಏಪ್ರಿಲ್ 24ರಂದು ಹೇಫೀಲ್ಡ್ ಕಡೆಯಿಂದ ಸುಮಾರು ನಾನೂರು ಮಂದಿ ತರುಣರು ಬೇಕೆಂದೇ ಈ ಬೆಟ್ಟವನ್ನು ಹತ್ತಿದರು. ಮುಂದಾಳು ಬೆನ್ನಿ ರಾತ್ಮನ್, ಇಪ್ಪತ್ತರ ಹುಡುಗ. ಕಾವಲುಗಾರರೊಡನೆ ತಳ್ಳಾಟವಾಯಿತು, ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಪರರ ಭೂಮಿಯನ್ನು ತುಳಿಯುವುದು ಅಂದಿನ ಕಾನೂನಿನಲ್ಲಿ ಶಿಕ್ಷಾರ್ಹ ಅಪರಾಧವಾಗಿರಲಿಲ್ಲ. ಆದುದರಿಂದ ದೊಂಬಿ, ಹಲ್ಲೆಗಳ ಆರೋಪ ಹೊರಿಸಲಾಯಿತು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸವಾಯಿತು. ಪಾದಚಾರಿಗಳ ಹಳೆಯ ಸಂಘಗಳಿಗೇ ಈ ಸಾಹಸ ಹಿಡಿಸಿರಲಿಲ್ಲ. ಸಂಧಾನ ಕೆಡುತ್ತದೆಂದು ಅವು ಅಂಜಿದ್ದವು. ಆದರೆ ಶಿಕ್ಷೆಯ ಕಠೋರತೆ, ತರುಣರನ್ನು ಒಪ್ಪದವರ ಮನಸ್ಸನ್ನೂ ಕಲಕಿತು.

1935ರಲ್ಲಿ ಪತ್ರಕರ್ತ ಟಾಮ್ ಸ್ಟೀಫನ್‌ಸನ್ ಇಂಥದೊಂದು ದೀರ್ಘ ಹಾದಿ ಬೇಕೆಂದು ಪತ್ರಿಕೆಯಲ್ಲಿ ಬರೆದರು. 1949ರಲ್ಲಿ ಕಾನೂನಾಯಿತು, 1965ರ ಏಪ್ರಿಲ್ 24ರಂದು, ಅಂದರೆ ಅದೇ ತಾರೀಖಿನಂದು, ದಾರಿ ತೆರೆಯಿತು. ಮೂವತ್ತು ವರ್ಷ ಬೆನ್ನುಹತ್ತಿದ ಸ್ಟೀಫನ್‌ಸನ್ನರ ತಾಳ್ಮೆಯನ್ನು ನಾನು ರಾತ್ಮನ್ನನ ಧೈರ್ಯಕ್ಕಿಂತ ಕಡಿಮೆಯೆಂದು ಎಣಿಸಲಾರೆ. ದಾರಿ ಬಿಟ್ಟು ಬೆಟ್ಟದ ಬಯಲಲ್ಲಿ ಅಲೆಯುವ ಹಕ್ಕು 2000ದ ಕಾಯಿದೆಯಿಂದ ಬಂದಿತು. 2002ರಲ್ಲಿ, ಅಂದಿನ ಡೆವನ್‌ಷೈರ್ ಡ್ಯೂಕ್ ತಮ್ಮ ಅಜ್ಜ ಕಿಂಡರಿನಲ್ಲಿ ನಡೆದುಕೊಂಡ ರೀತಿಗಾಗಿ ಬಹಿರಂಗವಾಗಿ ಕ್ಷಮೆ ಕೋರಿದರು. ರಾತ್ಮನ್ ಆ ವರ್ಷದ ಆರಂಭದಲ್ಲೇ ತೀರಿಕೊಂಡಿದ್ದರು.

ಜನ ಬಂದರು, ಜವುಗು ಕೆಸರಾಗಿ ಹಾದಿ ಅಗಲವಾಗುತ್ತ ಹೋಯಿತು. ಅದಕ್ಕಾಗಿ ಈಗ ಅಲ್ಲಲ್ಲಿ ಚಪ್ಪಡಿ ಹಾಸಿದ್ದಾರೆ. ಅವುಗಳಲ್ಲಿ ಅನೇಕವು ಮುಚ್ಚಿಹೋದ ಹತ್ತಿ ಗಿರಣಿಗಳ ನೆಲಗಲ್ಲುಗಳು. ಹೆಲಿಕಾಪ್ಟರಿನಲ್ಲಿ ತಂದು ಇಳಿಸಿದವು. ಬೇಲಿಯ ಹೊರಗೆ ನಿಂತವರು ಒಂದು ಕಾಲಕ್ಕೆ ದುಡಿದದ್ದು ಇಂಥ ಕಲ್ಲುಗಳ ಮೇಲೆಯೇ. ಒಂದರ ಮೇಲೆ ಕಂಬ ನೆಟ್ಟ ಗುಳಿಯಿತ್ತು. ಅದರಲ್ಲಿ ಮಳೆನೀರು ನಿಂತಿತ್ತು.

ಸಂಜೆ ಬ್ಲೀಕ್‌ಲೋ ದಾಟಿ, ಮ್ಯಾಂಚೆಸ್ಟರಿಗೆ ನೀರುಣಿಸುವ ಜಲಾಶಯಗಳ ಕಣಿವೆಗೆ ಇಳಿದೆ. ಉಳಿದ ಇನ್ನೂರೈವತ್ತು ಮೈಲಿಗಳನ್ನು ಇತರರ ಕಾಲಿಗೆ ಬಿಟ್ಟುಕೊಟ್ಟೆ.